‘ರಕ್ತದಾಗ ಬಂದ ಬ್ಯಾನಿ ಏನ್ರಿ?’

ಬಾದಾಮಿ, ಹುನಗುಂದ, ಇಳಕಲ್ಲಿನಿಂದ ಬೆಳಗಿನ ಬಸ್ಸು ಹಿಡಿದು ಬಂದು ಮಕ್ಕಳಿಗಿಂತ ಮೊದಲೇ ಸಭಾಂಗಣ ತುಂಬಿರುವ ತಂದೆತಾಯಂದಿರೆ, ಇಂದು ಪದವಿ ಪಡೆಯುತ್ತಿರುವ ತರುಣ ವೈದ್ಯರೆ, ನರ್ಸಿಂಗ್ ಪದವೀಧರರೆ,

ಉಪದೇಶ ಕೇಳಿ ಕೇಳಿ ನಿಮಗೆ ಸಾಕಾಗಿರುತ್ತದೆ. ನಾನು ಒಂದೇ ಒಂದು ಪ್ರಶ್ನೆಯ ಬಗ್ಗೆ ಮಾತಾಡುತ್ತೇನೆ. ದೊಡ್ಡ ಕಾಯಿಲೆಯ ಹೆಸರು ಹೇಳಿದ ಕೂಡಲೇ ಬಾಗಲಕೋಟೆಯ ಮನೆಮಂದಿ ನಿಮ್ಮನ್ನು ಕೇಳುವ ಪ್ರಶ್ನೆ ಅದು: ‘ಇದು ರಕ್ತದಾಗ ಬಂದ ಬ್ಯಾನಿ ಏನ್ರಿ, ಡಾಕ್ಟ್ರ?’ ಅವರಿಗೆ ಬೇಕಾದದ್ದು ಬರೀ ವಿಜ್ಞಾನವಲ್ಲ. ತಪ್ಪು ಯಾರದು, ಉಳಿದ ಮಕ್ಕಳ ಗತಿ ಏನು ಎಂಬುದು ಅವರ ಒಳಗಿನ ಚಿಂತೆ. ನಿಮ್ಮ ಉತ್ತರವೇ ಆ ಮನೆಯ ತೀರ್ಪಾಗುತ್ತದೆ.

ಉದಾಹರಣೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ತೆಗೆದುಕೊಳ್ಳೋಣ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮಿದುಳು, ಬೆನ್ನುಹುರಿಯ ನರಗಳ ಮೇಲಿರುವ ಮೈಲಿನ್ ಎಂಬ ಹೊದಿಕೆಯನ್ನು ಕೆಡಿಸುವ ಕಾಯಿಲೆ ಇದು. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ಮದುವೆ, ಬಾಣಂತನದ ವಯಸ್ಸೂ ಅದೇ ಆದ್ದರಿಂದ ‘ಸೊಸಿ ತವರುಮನಿಯಿಂದ ತಂದ ಬ್ಯಾನಿ’ ಎಂಬ ಮಾತು ಬಹಳ ಬೇಗ ಹುಟ್ಟುತ್ತದೆ.

ಇದು ನಮ್ಮಲ್ಲಿ ಅಪರೂಪ. ಮಂಗಳೂರು ನಗರದಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 8 ಮಂದಿಗೆ ಕಾಯಿಲೆ ಕಂಡುಬಂತು. ಯುರೋಪಿನ ಉತ್ತರದಲ್ಲಿ ಲಕ್ಷಕ್ಕೆ 100ಕ್ಕೂ ಮೇಲೆ. ಅಪರೂಪವಾದ್ದರಿಂದಲೇ ಕೈತಪ್ಪುತ್ತದೆ. ಒಂದು ಕಣ್ಣು ಮಂಜಾಗುತ್ತದೆ, ಕೆಲವು ವಾರಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಬನಶಂಕರಿಗೆ ಹೊತ್ತ ಹರಕೆ ಫಲಿಸಿತೆಂದು ಮನೆಯವರು ಮರೆಯುತ್ತಾರೆ. ವರ್ಷದ ಮೇಲೆ ಕಾಲು ಜೋಮು ಹಿಡಿದರೆ ಅದಕ್ಕೂ ಇದಕ್ಕೂ ಸಂಬಂಧ ಹಚ್ಚುವವರಿಲ್ಲ. ಮೈ ಕಾದರೆ ಈ ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚುತ್ತವೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಅದೂ ‘ಉಷ್ಣ ಆಗೇತಿ’ ಎಂಬ ಮಾತಿನಲ್ಲಿ ಮುಗಿದುಹೋಗುತ್ತದೆ.

ಈಗ ಮೂಲ ಪ್ರಶ್ನೆಗೆ ಬರೋಣ. ರಕ್ತಸಂಬಂಧದ ಪಾಲು ಖಂಡಿತ ಇದೆ. 2019ರಲ್ಲಿ ಅಂತರರಾಷ್ಟ್ರೀಯ ಸಂಶೋಧಕರ ಒಕ್ಕೂಟವೊಂದು ಈ ಕಾಯಿಲೆಗೆ ನಂಟಿರುವ 200ಕ್ಕೂ ಹೆಚ್ಚು ಆನುವಂಶಿಕ ವ್ಯತ್ಯಾಸಗಳನ್ನು ಗುರುತಿಸಿತು. ಅವುಗಳಲ್ಲಿ ಬಹುತೇಕ ಒಂದೊಂದೂ ಅಪಾಯವನ್ನು ಅತ್ಯಲ್ಪವಾಗಿ ಏರಿಸುವಂಥವು. ಆರನೆಯ ವರ್ಣತಂತುವಿನ ಎಚ್‌ಎಲ್‌ಎ ಭಾಗದ ಒಂದು ರೂಪ ಮಾತ್ರ ಸುಮಾರು ಮೂರು ಪಟ್ಟು ಏರಿಸುತ್ತದೆ. ಇದನ್ನು ಲೆಕ್ಕದಲ್ಲಿ ಹೇಳುವುದು ಕಲಿಯಿರಿ. ಕಾಯಿಲೆ ಹೆಚ್ಚಿರುವ ಪಾಶ್ಚಾತ್ಯ ದೇಶಗಳಲ್ಲೇ ತಾಯಿಗೋ ತಂದೆಗೋ ಎಂಎಸ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 2. ಉಳಿದ 98 ಮಕ್ಕಳಿಗೆ ಬರುವುದಿಲ್ಲ. ಜೀನುಗಳೆಲ್ಲ ಒಂದೇ ಆಗಿರುವ ಅವಳಿಗಳಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವುದು ನೂರಕ್ಕೆ 25-30 ಸಲ. ರಕ್ತವೇ ಎಲ್ಲವನ್ನೂ ತೀರ್ಮಾನಿಸುವಂತಿದ್ದರೆ ಅದು ನೂರಕ್ಕೆ ನೂರಾಗಬೇಕಿತ್ತು.

ಹಾಗಾದರೆ ಒಂದೇ ಮನೆಯ ಅನ್ನ, ನೀರು, ಗಾಳಿ ಕಾರಣವೇ? ಕೆನಡಾದ ಸಂಶೋಧಕರು 1995ರಲ್ಲಿ ಅದನ್ನೂ ಪರೀಕ್ಷಿಸಿದರು. ಎಂಎಸ್ ಇದ್ದವರ ಜೊತೆ ಒಂದೇ ಸೂರಿನಡಿ ಬೆಳೆದ ದತ್ತು ಸಂಬಂಧಿಗಳಲ್ಲಿ ಅಪಾಯ ಹೊರಗಿನ ಜನರಿಗಿಂತ ಹೆಚ್ಚಿರಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ ಬರುವ ಕಾಯಿಲೆ ಇದಲ್ಲ ಎಂದು ಅತ್ತೆಗೂ ಅತ್ತಿಗೆಗೂ ನೀವು ಧೈರ್ಯವಾಗಿ ಹೇಳಬಹುದು.

ಆದರೂ ಮನೆಯ ಹೊರಗಿನ ಲೋಕ ದೊಡ್ಡ ಪಾತ್ರ ವಹಿಸುತ್ತದೆ. ಭಾರತ ಉಪಖಂಡದಿಂದ ಇಂಗ್ಲೆಂಡಿಗೆ ಹೋಗಿ ನೆಲೆಸಿದವರಲ್ಲಿ ಎಂಎಸ್ ಕಡಿಮೆ; ಅಲ್ಲೇ ಹುಟ್ಟಿದ ಅವರ ಮಕ್ಕಳಲ್ಲಿ ಅಲ್ಲಿಯವರಿಗೆ ಹತ್ತಿರ ಹತ್ತಿರ ಎಂದು 1990ರ ಅಧ್ಯಯನ ತೋರಿಸಿತು. ರಕ್ತ ಅದೇ, ಊರು ಬೇರೆ. ಕೋಟಿಗೂ ಮೀರಿದ ಅಮೆರಿಕನ್ ಸೈನಿಕರ ದಾಖಲೆ ನೋಡಿ 2022ರಲ್ಲಿ ಪ್ರಕಟವಾದ ಸಂಶೋಧನೆ, ಎಪ್‌ಸ್ಟೀನ್-ಬಾರ್ ವೈರಸ್ ಸೋಂಕಿನ ನಂತರ ಅಪಾಯ 32 ಪಟ್ಟು ಏರುತ್ತದೆ ಎಂದಿತು. ಆ ವೈರಸ್ ಬಹುತೇಕ ವಯಸ್ಕರ ಮೈಯಲ್ಲಿದೆ, ಕಾಯಿಲೆ ಬರುವುದು ಕೆಲವರಿಗಷ್ಟೇ. ಹರೆಯದ ಬೊಜ್ಜು, ವಿಟಮಿನ್ ಡಿ ಕೊರತೆಯೂ ಅಪಾಯ ಏರಿಸುವ ಕಾರಣಗಳ ಪಟ್ಟಿಯಲ್ಲಿವೆ. ಬಿಸಿಲಿಗೆ ಬರವಿಲ್ಲದ ಜಿಲ್ಲೆ ನಮ್ಮದು, ನಿಜ. ಆದರೆ ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ದಿನವಿಡೀ ಸೀರೆ ನೇಯುವವಳ ಮೈಗೆ ಆ ಬಿಸಿಲು ಎಷ್ಟು ತಾಗೀತು?

ರಕ್ತ, ಹೊರಗಿನ ಲೋಕ ಎರಡೂ ಕೂಡಿದಾಗ ಏನಾಗುತ್ತದೆ ಎಂಬುದಕ್ಕೆ ಸ್ವೀಡನ್ನಿನ 2011ರ ಅಧ್ಯಯನವನ್ನು ನೆನಪಿಡಿ. ಅಪಾಯದ ಜೀನ್ ಇಲ್ಲದೆ, ಕಾಪಾಡುವ ಜೀನ್ ಇದ್ದು, ಸಿಗರೇಟು ಸೇದದವರಿಗೆ ಹೋಲಿಸಿದರೆ, ಅಂಥವರೇ ಸೇದಿದಾಗ ಅಪಾಯ ಸುಮಾರು ಒಂದೂವರೆ ಪಟ್ಟು. ಅಪಾಯದ ಜೀನ್ ಇದ್ದು, ಕಾಪಾಡುವ ಜೀನ್ ಇಲ್ಲದೆ, ಸೇದದವರಿಗೆ ಸುಮಾರು 5 ಪಟ್ಟು. ಅಂಥವರೇ ಸೇದಿದರೆ 13 ಪಟ್ಟಿಗೂ ಮೇಲೆ. ಬೇರೆಯವರು ಬಿಟ್ಟ ಹೊಗೆಗೂ ಇಂಥದೇ ನಂಟನ್ನು ಅದೇ ದೇಶದವರು ತೋರಿಸಿದ್ದಾರೆ. ತವರಿನಿಂದ ಬಂದದ್ದನ್ನು ಯಾರೂ ಬದಲಿಸಲಾರರು. ಪಡಸಾಲೆಯಲ್ಲಿ ಮಾವ ಸೇದುವ ಬೀಡಿಯನ್ನು ಇವತ್ತೇ ನಿಲ್ಲಿಸಬಹುದು. ಸೊಸೆಯ ಕುಲ ಕೇಳುವವರಿಗೆ ಈ ಲೆಕ್ಕವನ್ನೂ ತಪ್ಪದೆ ಹೇಳಿರಿ.

ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಕಡೆಯ ರೂಢಿಯ ಬಗ್ಗೆಯೂ ಕೇಳುತ್ತಾರೆ. ತಾಯಿತಂದೆ ಇಬ್ಬರಿಂದಲೂ ಒಂದೇ ದೋಷದ ಜೀನ್ ಬಂದಾಗ ಕಾಣುವ ಥಲಸ್ಸೇಮಿಯಾದಂಥ ಕಾಯಿಲೆಗಳಲ್ಲಿ ಒಳಸಂಬಂಧದ ಮದುವೆ ಅಪಾಯವನ್ನು ಹೆಚ್ಚಿಸುತ್ತದೆ. ಅಲ್ಲಿ ಮುಲಾಜಿಲ್ಲದೆ ಎಚ್ಚರಿಸಿರಿ. ಎಂಎಸ್ ಆ ಬಗೆಯಲ್ಲಿ ಇಳಿದುಬರುವ ಕಾಯಿಲೆಯಲ್ಲ. ಎರಡನ್ನೂ ಒಂದೇ ಮಾತಿನಲ್ಲಿ ಮುಗಿಸಬೇಡಿ.

ಇನ್ನು ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಜೋಮು ಎಂದು ಬಂದ ಹುಡುಗಿಯನ್ನು ‘ಹಿಂದ ಯಾವಾಗರೆ ಒಂದು ಕಣ್ಣು ಮಂಜಾಗಿತ್ತೇನವಾ?’ ಎಂದು ಕೇಳಿ. ಲಕ್ಷಣವೇ ಇಲ್ಲದ ಅಣ್ಣತಮ್ಮಂದಿರಿಗೆ ಜೀನ್ ಪರೀಕ್ಷೆ, ಎಂಆರ್‌ಐ ಬರೆದು ಮನೆಯನ್ನು ಸಾಲಕ್ಕೆ ತಳ್ಳಬೇಡಿ. ಎಂಎಸ್ ಇದ್ದವಳು ತಾಯಾಗಬಾರದು ಎಂಬ ಮಾತು ಸುಳ್ಳು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಕಾಯಿಲೆ ಮರುಕಳಿಸುವುದು ಕಡಿಮೆ. ಯಾವ ಔಷಧ ಯಾವಾಗ ನಿಲ್ಲಿಸಬೇಕೆಂದು ನರರೋಗ ತಜ್ಞರ ಜೊತೆ ಕೂತು ಮೊದಲೇ ಯೋಜಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರೂ ಇದೆ. ಪ್ರಮಾಣಪತ್ರಕ್ಕೆ ಬಂದವರನ್ನು ನಾಲ್ಕು ಸಲ ಅಲೆದಾಡಿಸಬೇಡಿ. ಮನೆಯವರ ಜೊತೆ ಮಾತಾಡುವಾಗ ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು, ರೋಗಿಯ ಒಪ್ಪಿಗೆ ಪಡೆದು, ಅವಳ ಎದುರಿಗೇ ಮಾತಾಡಿ.

‘ರಕ್ತದಾಗ ಬಂದದ್ದೇನ್ರಿ?’ ಎಂದವರಿಗೆ ಬರೀ ‘ಹೌದು’ ಎಂದರೆ ಒಬ್ಬ ಹೆಣ್ಣುಮಗಳು ತವರಿಗೆ ಹೋಗಿ ಕೂರಬೇಕಾದೀತು. ಬರೀ ‘ಇಲ್ಲ’ ಎಂದರೆ ಅದು ಸುಳ್ಳಾದೀತು. ಪೂರ್ತಿ ಉತ್ತರ ಹೇಳಲು ಹತ್ತು ನಿಮಿಷ ಬೇಕು. ಹೊರಗೆ ಎಷ್ಟೇ ದೊಡ್ಡ ಸಾಲಿದ್ದರೂ ಆ ಹತ್ತು ನಿಮಿಷವನ್ನು ಕೊಡಿ. ಇಷ್ಟು ವರ್ಷ ಓದಿದ್ದು ಅದಕ್ಕಾಗಿಯೇ.