ಮೂಳೆಗೂ ಜೀವ ಇದೆ

(ತಾಳವಾಡಿ ಭಾಗದ ಒಂದು ಕಲಿಕಾ ಕೇಂದ್ರದಲ್ಲಿ ಸಂಯೋಜಕಿ ಆಡಿದ ಮಾತು)

ಹೋದ ವಾರ ನಾವು 'ಮ' ಅಕ್ಷರದ ಪದಗಳನ್ನು ಬರೆದೆವು. ಮರ, ಮನೆ, ಮಳೆ ಅಂತ ಎಲ್ಲರೂ ಬರೆದಿರಿ. ಒಬ್ಬ ಅಜ್ಜಿ ಮಾತ್ರ 'ಮೂಳೆ' ಅಂತ ಬರೆದರು. "ದಿನಾ ನಂಗ ನೋಯದು ಅದೇ ಕಣವ್ವ" ಅಂದರು. ಎಲ್ಲರೂ ನಕ್ಕೆವು. ಇವತ್ತು ಆ ಮೂಳೆಯ ವಿಷಯವನ್ನೇ ಮಾತಾಡೋಣ.

ಮೊದಲು ಒಂದು ಲೆಕ್ಕ

ನಿಮ್ಮ ಎಡಗೈಯನ್ನು ಬಲಗೈಯಿಂದ ಮುಟ್ಟಿ ನೋಡಿ. ಮಣಿಕಟ್ಟಿನಿಂದ ಬೆರಳ ತುದಿವರೆಗೆ ಒತ್ತಿ ನೋಡಿ. ಅಷ್ಟರಲ್ಲೇ 27 ಮೂಳೆಗಳಿವೆ. ಒಂದು ಪಾದದಲ್ಲಿ 26 ಮೂಳೆಗಳಿವೆ. ಎರಡು ಕೈ, ಎರಡು ಪಾದ ಕೂಡಿಸಿ. ಎಷ್ಟಾಯಿತು? 106. ದೊಡ್ಡವರ ಮೈಯಲ್ಲಿ ಒಟ್ಟು ಇರುವುದೇ 206 ಮೂಳೆ. ಅಂದರೆ ಅರ್ಧಕ್ಕಿಂತ ಹೆಚ್ಚು ಮೂಳೆ ನಮ್ಮ ಕೈ ಮತ್ತು ಪಾದದಲ್ಲೇ ಇವೆ. ಕಳೆ ಕೀಳೋದು, ಮುದ್ದೆ ಕಟ್ಟೋದು, ಬೆಟ್ಟ ಹತ್ತೋದು ಎಲ್ಲ ಇವುಗಳಿಂದಲೇ.

ಹುಟ್ಟಿದ ಮಗುವಿಗೆ ಸುಮಾರು 300 ಮೂಳೆ ಇರುತ್ತವೆ. ಬೆಳೀತಾ ಬೆಳೀತಾ ಕೆಲವು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಎಲ್ಲಕ್ಕಿಂತ ಉದ್ದದ ಮೂಳೆ ತೊಡೆಯಲ್ಲಿದೆ. ಎಲ್ಲಕ್ಕಿಂತ ಚಿಕ್ಕದು ಕಿವಿಯ ಒಳಗಿದೆ. ಅದು ಒಂದು ರಾಗಿ ಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ.

ಮೂಳೆ ಒಣಕಟ್ಟಿಗೆ ಅಲ್ಲ

ಮನೆಗೆ ಕಂಬ, ತೊಲೆ ಇರುವ ಹಾಗೆ ಮೈಗೆ ಮೂಳೆ. ಆದರೆ ಒಂದು ವ್ಯತ್ಯಾಸ ಇದೆ. ತೊಲೆ ಮುರಿದರೆ ತಾನಾಗಿ ಕೂಡಿಕೊಳ್ಳಲ್ಲ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಯಾಕೆ? ಮೂಳೆಗೆ ಜೀವ ಇದೆ. ಅದರೊಳಗೆ ರಕ್ತ ಓಡಾಡುತ್ತದೆ. ನಮ್ಮ ರಕ್ತದ ಕಣಗಳು ಹುಟ್ಟುವುದೂ ಮೂಳೆಯ ಒಳಗಿನ ಮಜ್ಜೆಯಲ್ಲೇ.

ಮುರಿದ ಮೂಳೆಯನ್ನು ಕೂಡಿಸುವುದು ಎಣ್ಣೆಯೂ ಅಲ್ಲ, ಪಟ್ಟಿಯೂ ಅಲ್ಲ. ಮೂಳೆಯೇ ಹೊಸ ಮೂಳೆ ಬೆಳೆಸಿಕೊಂಡು ಕೂಡುತ್ತದೆ. ಅದಕ್ಕೆ ಎರಡು ಬೇಕು. ಮುರಿದ ತುದಿಗಳು ಸರಿಯಾದ ಜಾಗದಲ್ಲಿ ಅಲುಗಾಡದೆ ಇರಬೇಕು. ರಕ್ತ ಓಡಾಡಬೇಕು. ಈ ಎರಡನೆಯ ಮಾತನ್ನು ಮರೆಯಬೇಡಿ. ಅದನ್ನು ನಾವು ಕಲಿತದ್ದು ನನ್ನ ತಮ್ಮನ ಕೈಯಿಂದ.

ನನ್ನ ತಮ್ಮನ ಕೈ

ಆಗ ಅವನಿಗೆ 7 ವರ್ಷ. ಹುಣಸೆ ಮರದಿಂದ ಬಿದ್ದ. ಮೊಣಕೈ ಹತ್ತಿರ ಮೂಳೆ ಮುರಿಯಿತು. ಗೊತ್ತಿದ್ದವರೊಬ್ಬರು ಎಣ್ಣೆ ಹಚ್ಚಿ ನೀವಿದರು. ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರು. "ಕಟ್ಟು ಬಿಚ್ಚಬೇಡಿ" ಅಂದರು. ರಾತ್ರಿ ಎಲ್ಲ ತಮ್ಮ ಅತ್ತ. ಮೂಳೆ ಮುರಿದರೆ ನೋವು ಇದ್ದೇ ಇರುತ್ತದೆ ಅಂತ ನಾವು ಸುಮ್ಮನಿದ್ದೆವು. ಬೆಳಿಗ್ಗೆ ಬೆರಳು ತಣ್ಣಗಾಗಿತ್ತು, ನೀಲಿಯಾಗಿತ್ತು. ಆದರೂ ಬಿಚ್ಚಲಿಲ್ಲ. ಮೂರನೇ ದಿನ ಆಸ್ಪತ್ರೆಗೆ ಹೋದೆವು.

ಮೂಳೆ ಕೂಡಿತು. ಆದರೆ ಬಿಗಿ ಕಟ್ಟಿನಿಂದ ರಕ್ತ ಸಿಗದೆ ಕೈಯ ಮಾಂಸಖಂಡ ಹಾಳಾಗಿತ್ತು. ಬೆರಳುಗಳು ಕೊಕ್ಕೆಯ ಹಾಗೆ ಮಡಚಿಕೊಂಡವು. ಇವತ್ತಿಗೂ ಆ ಕೈಯಲ್ಲಿ ಅವನಿಗೆ ಒಂದು ಲೋಟ ಹಿಡಿಯೋಕೆ ಆಗಲ್ಲ.

ಕಟ್ಟಿದವರು ಕೆಟ್ಟವರಲ್ಲ. ಹಣವನ್ನೂ ಕೇಳಲಿಲ್ಲ. ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಇನ್ನೊಂದು ಮಾತು ಇದೆ. ಆಸ್ಪತ್ರೆಯಲ್ಲಿ ಒಂದು ಚೀಟಿ ಕೊಟ್ಟಿದ್ದರು. ಅದು ತಮಿಳಲ್ಲಿತ್ತು. ಅಮ್ಮನಿಗೆ ಓದು ಬರುತ್ತಿರಲಿಲ್ಲ. ನಾನು 4ನೇ ಕ್ಲಾಸು, ಕನ್ನಡ ಮಾತ್ರ ಓದುತ್ತಿದ್ದೆ. ಮುಖ್ಯವಾದ ಕಾಗದ ಅಂತ ಅಮ್ಮ ಅದನ್ನು ದೇವರ ಗೂಡಲ್ಲಿ ಜೋಪಾನವಾಗಿ ಇಟ್ಟರು. ಎಷ್ಟೋ ತಿಂಗಳಾದ ಮೇಲೆ ಒಬ್ಬ ಮೇಷ್ಟ್ರು ಓದಿ ಹೇಳಿದರು. ಕೈಗೆ ವ್ಯಾಯಾಮ ಮಾಡಿಸಲು ವಾರಕ್ಕೆ ಎರಡು ಸಲ ಕರೆದುಕೊಂಡು ಬನ್ನಿ ಅಂತ ಅದರಲ್ಲಿ ಬರೆದಿತ್ತು.

ನಾನು ಈ ಕೆಲಸಕ್ಕೆ ಬಂದದ್ದು ಆ ಚೀಟಿಯಿಂದ.

ಬಿದ್ದಾಗ ಏನು ಮಾಡಬೇಕು?

ಎಳೆಯಬೇಡಿ. ನೀವಬೇಡಿ. ಎಣ್ಣೆ ತಿಕ್ಕಬೇಡಿ.

ಬಳೆ, ಉಂಗುರ ಇದ್ದರೆ ಕೂಡಲೇ ತೆಗೆಯಿರಿ. ಊತ ಬಂದ ಮೇಲೆ ಬರುವುದಿಲ್ಲ.

ಕೈ ಹೇಗಿದೆಯೋ ಹಾಗೇ ಇರಲಿ. ದಪ್ಪ ರಟ್ಟು ಅಥವಾ ಮಡಚಿದ ಪೇಪರು ಆಧಾರ ಕೊಟ್ಟು, ಟವೆಲಿನಿಂದ ಹದವಾಗಿ ಕಟ್ಟಿ. ಅಲುಗಾಡದಿದ್ದರೆ ಸಾಕು.

ಮೂಳೆ ಹೊರಗೆ ಕಂಡರೆ ಒಳಗೆ ತಳ್ಳಬೇಡಿ. ಶುಭ್ರ ಬಟ್ಟೆ ಮುಚ್ಚಿ.

ಬೆನ್ನಿಗೆ, ಕುತ್ತಿಗೆಗೆ ಪೆಟ್ಟಾಗಿದ್ದರೆ ಎತ್ತಿ ಕೂರಿಸಬೇಡಿ. ಮಲಗಿದ್ದ ಹಾಗೇ ಇರಲಿ. 108ಕ್ಕೆ ಫೋನ್ ಮಾಡಿ.

ಕಟ್ಟು ಯಾರೇ ಕಟ್ಟಿರಲಿ, ಆಸ್ಪತ್ರೆಯ ಪ್ಲಾಸ್ಟರೇ ಆಗಿರಲಿ, ಬೆರಳುಗಳನ್ನು ನೋಡುತ್ತಾ ಇರಿ. ಬೆರಳು ತಣ್ಣಗಾದರೆ, ನೀಲಿಯಾದರೆ, ಮರಗಟ್ಟಿದರೆ, ನೋವು ಕಡಿಮೆಯಾಗದೆ ಏರುತ್ತಾ ಹೋದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ.

ಮೂಳೆಗೆ ಊಟ

ಮೂಳೆಗೆ ಸುಣ್ಣದ ಅಂಶ ಬೇಕು. ಡಾಕ್ಟರು ಅದನ್ನು ಕ್ಯಾಲ್ಸಿಯಂ ಅನ್ನುತ್ತಾರೆ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಇದೆ. ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 10 ಕೂಡ ಇಲ್ಲ. ರೇಷನ್ ಅಕ್ಕಿ ಬಂತು ಅಂತ ಮುದ್ದೆ ಬಿಡಬೇಡಿ. ಸೊಪ್ಪು, ಎಳ್ಳು, ಹಾಲು, ಮೊಸರು ತಿನ್ನಿ. ಮೈಗೆ ಬಿಸಿಲು ಬೀಳಲಿ.

ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಸಣ್ಣದಾಗಿ ಜಾರಿದರೂ ಸೊಂಟದ ಮೂಳೆ ಮುರಿಯಬಹುದು. ಬಚ್ಚಲಲ್ಲಿ ಪಾಚಿ ಕಟ್ಟದಂತೆ ತಿಕ್ಕಿ. ರಾತ್ರಿ ಎದ್ದರೆ ದೀಪ ಹಾಕಿಕೊಳ್ಳಿ.

ಮೂಳೆಯಿಂದ ಉದ್ಯೋಗ

ತಮ್ಮನಿಗೆ ಬೇಕಾಗಿದ್ದದ್ದು ಒಬ್ಬ ಡಾಕ್ಟರು ಮಾತ್ರ ಅಲ್ಲ. ಮೂಳೆಯ ಸುತ್ತ ಎಷ್ಟೋ ಜನರ ಕೆಲಸ ಇದೆ.

ಒಬ್ಬರು ಎಕ್ಸ್‌ರೇ ತೆಗೆಯುವವರು. 1895ರಲ್ಲಿ ಜರ್ಮನಿಯ ರಾಂಟ್‌ಜನ್ ಎಂಬ ವಿಜ್ಞಾನಿ ಈ ಕಿರಣವನ್ನು ಕಂಡುಹಿಡಿದರು. ತಮ್ಮ ಹೆಂಡತಿಯ ಕೈಯ ಚಿತ್ರ ತೆಗೆದರು. ಅದರಲ್ಲಿ ಮೂಳೆಯೂ ಉಂಗುರವೂ ಕಂಡವು. ಈ ಕೆಲಸಕ್ಕೆ ಪ್ಲಸ್ ಟುನಲ್ಲಿ ವಿಜ್ಞಾನ ಓದಿ, ಆಮೇಲೆ ಡಿಪ್ಲೊಮಾ ಅಥವಾ ಡಿಗ್ರಿ ಮಾಡಬೇಕು.

ಇನ್ನೊಬ್ಬರು ಫಿಸಿಯೋಥೆರಪಿಸ್ಟ್. ವ್ಯಾಯಾಮ ಮಾಡಿಸಿ ಕೈಕಾಲು ಆಡುವ ಹಾಗೆ ಮಾಡುತ್ತಾರೆ. ಇದಕ್ಕೂ ವಿಜ್ಞಾನ ಬೇಕು. ಓದು ನಾಲ್ಕು ವರ್ಷಕ್ಕಿಂತ ಹೆಚ್ಚು. 2021ರ ಆಗಸ್ಟ್‌ನಲ್ಲಿ ತಮಿಳುನಾಡು ಸರ್ಕಾರ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಶುರು ಮಾಡಿತು. ಇಲ್ಲಿ ಮಕ್ಕಳು ಅಂದರೆ ಕೂಸುಗಳಲ್ಲ, ಜನರು. ಮನೆ ಬಾಗಿಲಿಗೇ ಬಂದು ವ್ಯಾಯಾಮ ಮಾಡಿಸುವುದೂ ಆ ಯೋಜನೆಯಲ್ಲಿ ಸೇರಿತ್ತು.

ಮೂರನೆಯವರು ಕೃತಕ ಕೈಕಾಲು ಮಾಡುವವರು. ಜೈಪುರ ಕಾಲು ಅಂತ ಕೇಳಿದ್ದೀರಾ? 1968ರ ಹೊತ್ತಿಗೆ ಅದನ್ನು ರೂಪಿಸಿದವರು ಡಾಕ್ಟರ್ ಪಿ.ಕೆ. ಸೇಠಿ ಮತ್ತು ರಾಮಚಂದ್ರ ಶರ್ಮ. ಶರ್ಮ ಅವರು ಡಾಕ್ಟರಲ್ಲ. ಹೆಚ್ಚು ಶಾಲೆ ಕಂಡವರಲ್ಲ. ಅವರು ಕುಶಲಕರ್ಮಿ. ಆ ರಬ್ಬರ್ ಪಾದ ಹಾಕಿಕೊಂಡು ಬರಿಗಾಲಲ್ಲಿ ನಡೆಯಬಹುದು, ಕೆಸರಲ್ಲಿ ಇಳಿಯಬಹುದು, ಚಕ್ಕಳಮಕ್ಕಳ ಹಾಕಿ ಕೂರಬಹುದು. ನಮ್ಮಂಥವರು ಹೇಗೆ ಕೂರುತ್ತಾರೆ, ಹೇಗೆ ನಡೆಯುತ್ತಾರೆ ಅಂತ ತಿಳಿದವರು ಮಾಡಿದ ಕಾಲು ಅದು.

ನರ್ಸ್ ಕೆಲಸ ಇದೆ. ಮೂಳೆ ಡಾಕ್ಟರ ಕೆಲಸವೂ ಇದೆ. ಅದಕ್ಕೆ ಎಂಬಿಬಿಎಸ್ ಮುಗಿಸಿ ಮತ್ತೆ ಮೂರು ವರ್ಷ ಓದಬೇಕು.

ಹತ್ತನೇ ಕ್ಲಾಸು ಮುಗಿದ ಕೂಡಲೇ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಬೇಡಿ. ನಮ್ಮ ಆಸ್ಪತ್ರೆಗಳಲ್ಲಿ "ಎಲ್ಲಿ ನೋಯ್ತದೆ ಅವ್ವ? ಬೆರಳು ಜುಮ್ಮಂತದಾ?" ಅಂತ ನಮ್ಮ ಮಾತಲ್ಲೇ ಕೇಳುವವರು ಬೇಕು. ಅವರು ನಮ್ಮ ಮನೆಗಳಿಂದಲೇ ಬರಬೇಕು.

ಕೊನೆಯ ಮಾತು. ಮನೆಯಲ್ಲಿ ಇರುವ ಆಸ್ಪತ್ರೆ ಚೀಟಿಗಳನ್ನೆಲ್ಲ ನಾಳೆ ತನ್ನಿ. ಕನ್ನಡವೋ, ತಮಿಳೋ, ಇಂಗ್ಲಿಷೋ, ಕೂತು ಓದೋಣ. ಮುಂದೆ ಚೀಟಿ ಕೈಗೆ ಬಂದಾಗ ಅಲ್ಲೇ ನಿಂತು ಕೇಳಿ: "ಇದರಲ್ಲಿ ಏನು ಬರೆದಿದೆ? ಮತ್ತೆ ಯಾವತ್ತು ಬರಬೇಕು?" ಕೇಳಲು ನಾಚಿಕೆ ಬೇಡ. ದೇವರ ಗೂಡಲ್ಲಿ ಇಡುವ ಮೊದಲು ಅದನ್ನು ಓದಿಸಿಕೊಳ್ಳಿ.