ಪರದೇಶದ ಓದು, ಪರದೇಶದ ಜ್ವರ

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಪರದೇಶದ ಓದಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸೀತು. ವಿಲಾಯಿತಿಗೆ ಹೋಗಿ ಓದುವವರು ಜಮೀನುದಾರರ, ವಕೀಲರ ಮಕ್ಕಳು ಮಾತ್ರ ಎಂಬ ಕಾಲ ಹೋಯಿತು. ಇಂದು ಕಿರಾಣಿ ಅಂಗಡಿಯವರ ಮಗನೂ ಗಿರಣಿಯಲ್ಲಿ ದುಡಿಯುವವರ ಮಗಳೂ ಮನೆಯ ಪತ್ರವನ್ನು ಬ್ಯಾಂಕಿನಲ್ಲಿಟ್ಟು ಹೊರಡುತ್ತಾರೆ. ಕಾಲೇಜಿನ ಫೀಸು, ವಿಮಾನದ ಟಿಕೇಟು, ಕೋಣೆಯ ಬಾಡಿಗೆ ಎಲ್ಲವನ್ನೂ ತಂದೆ ಚೀಟಿಯಲ್ಲಿ ಬರೆದಿಟ್ಟುಕೊಂಡಿರುತ್ತಾರೆ. ಅಲ್ಲಿ ಕಾಯಿಲೆ ಬಿದ್ದರೆ ದುಡ್ಡು ಯಾರು ಕೊಡಬೇಕು ಎಂಬ ಸಾಲು ಮಾತ್ರ ಆ ಚೀಟಿಯಲ್ಲಿ ಅನೇಕ ವೇಳೆ ಇರುವುದಿಲ್ಲ.

ನಮಗೆ ಇ.ಎಸ್.ಐ. ಗೊತ್ತು. ೧೯೪೮ರ ಕಾನೂನಿನಿಂದ ಬಂದದ್ದು ಅದು. ೨೦೧೯ರಿಂದ ನೂರು ರೂಪಾಯಿ ಕೂಲಿಗೆ ನಮ್ಮದು ಮುಕ್ಕಾಲು ರೂಪಾಯಿ, ಮಾಲೀಕರದು ಮೂರೂಕಾಲು. ದವಾಖಾನೆಯಲ್ಲಿ ಔಷಧಿ ಇಲ್ಲದ ದಿನ ಅದನ್ನು ಬೈಯುತ್ತೇವೆ, ಬೈಯಲೂ ಬೇಕು. ಆದರೂ ಗಟ್ಟಿಮುಟ್ಟಾಗಿರುವವನ ವಂತಿಗೆಯಿಂದ ಹಾಸಿಗೆ ಹಿಡಿದವನಿಗೆ ಚಿಕಿತ್ಸೆ ನಡೆಯುತ್ತದೆ. ಆ ಕಾರ್ಡು ಸಮುದ್ರದಾಚೆ ನಡೆಯುವುದಿಲ್ಲ. ಅಲ್ಲಿ ಆಯಾ ದೇಶದ ಕಟ್ಟಳೆ.

ಅದೇ ೧೯೪೮ರ ಜುಲೈ ೫ರಂದು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ತಂದವರು ಅನ್ಯೂರಿನ್ ಬೆವನ್. ಹುಡುಗನಾಗಿದ್ದಾಗಲೇ ಕಲ್ಲಿದ್ದಲ ಗಣಿಗೆ ಇಳಿದವರು. ಅವರ ಊರಾದ ಟ್ರೆಡೀಗರಿನಲ್ಲಿ ಕೆಲಸಗಾರರು ಕೂಲಿಯಿಂದ ಕಾಸು ಕೂಡಿಸಿ ತಮ್ಮದೇ ವೈದ್ಯರನ್ನು ಇಟ್ಟುಕೊಂಡಿದ್ದರು. ಅದೇ ಬೆವನ್ನರಿಗೆ ಮಾದರಿ. ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ಜನರಿಂದ ದುಡ್ಡು ವಸೂಲಿ ಮಾಡಬೇಕೆಂದು ತಮ್ಮದೇ ಸರ್ಕಾರ ಹೊರಟಾಗ ೧೯೫೧ರಲ್ಲಿ ಮಂತ್ರಿಗಿರಿಯನ್ನೇ ಬಿಟ್ಟರು. ಅಂಥ ಮಂತ್ರಿಗಳು ನಮಗೂ ಕೆಲವರು ಬೇಕಾಗಿತ್ತು!

ಈ ಸೇವೆಯನ್ನು ನಾವು ಮೆಚ್ಚುತ್ತೇವೆ. ಮೆಚ್ಚುವವರೇ ಅದರ ಕೊಂಕನ್ನೂ ಹೇಳಬೇಕು. ೨೦೧೫ರ ಏಪ್ರಿಲಿನಿಂದ ಹೊರದೇಶದ ವಿದ್ಯಾರ್ಥಿಗೆ ವರ್ಷಕ್ಕೆ ೧೫೦ ಪೌಂಡು ಆರೋಗ್ಯ ಸುಂಕ ಹಾಕಿದರು. ೨೦೧೯ರಲ್ಲಿ ಅದು ೩೦೦ ಆಯಿತು, ೨೦೨೦ರಲ್ಲಿ ೪೭೦, ೨೦೨೪ರ ಫೆಬ್ರವರಿಯಲ್ಲಿ ೭೭೬. ಒಂದು ವರ್ಷದ ಎಂ.ಎ.ಗೆ ವೀಸಾ ಅವಧಿ ವರ್ಷ ದಾಟುವುದರಿಂದ ಸಾಮಾನ್ಯವಾಗಿ ಒಂದೂವರೆ ವರ್ಷದ ಸುಂಕ ಬೀಳುತ್ತದೆ. ೧,೧೬೪ ಪೌಂಡು. ಪೌಂಡಿಗೆ ನೂರೇ ರೂಪಾಯಿ ಎಂದು ಸಲೀಸಾಗಿ ಲೆಕ್ಕ ಹಿಡಿದರೂ ೧,೧೬,೪೦೦ ರೂಪಾಯಿ! ಕಂತು ಇಲ್ಲ, ವೀಸಾ ಅರ್ಜಿಯ ಜೊತೆಗೇ ಪೂರ್ತಿ ಕಟ್ಟಬೇಕು. ವೀಸಾ ಸಿಗದಿದ್ದರೆ ಹಿಂದಕ್ಕೆ ಬರುತ್ತದೆ. ಅಲ್ಲಿ ಹೋಟೆಲಿನಲ್ಲಿ ತಟ್ಟೆ ತೊಳೆದು ದುಡಿಯುವ ವಿದ್ಯಾರ್ಥಿಯ ಕೂಲಿ ಒಂದು ಮಿತಿ ದಾಟಿದರೆ ತೆರಿಗೆಯನ್ನೂ ರಾಷ್ಟ್ರೀಯ ವಿಮೆಯ ವಂತಿಗೆಯನ್ನೂ ಹಿಡಿಯುತ್ತಾರೆ. ಒಂದೇ ಆಸ್ಪತ್ರೆಗೆ ಎರಡು ಸಲ ಕೊಟ್ಟಂತಾಯಿತು. ಇದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಆದರೆ ಕಟ್ಟಿದ ಮೇಲೆ ವೈದ್ಯರನ್ನು ಕಾಣುವುದಕ್ಕೆ, ಆಪರೇಷನ್ನಿಗೆ, ತುರ್ತು ಆಂಬುಲೆನ್ಸಿಗೆ ಬಿಲ್ಲು ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಔಷಧಿ ಚೀಟಿಗೂ ಹಲ್ಲಿಗೂ ಬೇರೆ ದುಡ್ಡು.

ಅಮೆರಿಕಕ್ಕೆ ಬನ್ನಿ. ಅಲ್ಲಿ ವಿಮೆ ವ್ಯಾಪಾರದ ಸರಕು. ಬಹುಪಾಲು ವಿದ್ಯಾರ್ಥಿಗಳು ಹೋಗುವ ಎಫ್-೧ ವೀಸಾಕ್ಕೆ ಕೇಂದ್ರ ಸರ್ಕಾರ ವಿಮೆಯನ್ನು ಕಡ್ಡಾಯ ಮಾಡಿಲ್ಲ. ಅದು ಆಯಾ ವಿಶ್ವವಿದ್ಯಾಲಯದ ನಿಯಮಕ್ಕೆ ಬಿಟ್ಟದ್ದು. ವಿಮೆ ಕೊಂಡರೂ ‘ಡಿಡಕ್ಟಿಬಲ್’ ಎಂಬುದೊಂದಿದೆ. ವರ್ಷದಲ್ಲಿ ಮೊದಲ ಇಷ್ಟು ಡಾಲರು ರೋಗಿಯ ಕೈಯಿಂದಲೇ, ಆಮೇಲೆ ಕಂಪನಿ ಕೈ ಹಾಕುತ್ತದೆ; ಅನೇಕ ವಿಮೆಗಳಲ್ಲಿ ಆಗಲೂ ಒಂದು ಪಾಲು ರೋಗಿಯದೇ. ಕಂಪನಿಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಹೋದರೆ ಪಾಲು ಇನ್ನೂ ಹೆಚ್ಚು. ಹೊಟ್ಟೆನೋವು ತಾಳಲಾರದೆ ಮಲಗಿರುವ ಹುಡುಗ ಆಗ ಆಂಬುಲೆನ್ಸು ಕರೆಯುವ ಮೊದಲು ಊರಲ್ಲಿರುವ ಸಾಲವನ್ನು ನೆನೆಯುತ್ತಾನೆ. ಅಪ್ಪನಿಗೆ ಫೋನು ಮಾಡಿ ಎಲ್ಲ ಚೆನ್ನಾಗಿದೆ ಎನ್ನುತ್ತಾನೆ. ಅಪೆಂಡಿಕ್ಸು ಅವನ ಲೆಕ್ಕಾಚಾರಕ್ಕೆ ಕಾಯುವುದಿಲ್ಲ.

ಜರ್ಮನಿಯಲ್ಲಿ ೧೮೮೩ರಷ್ಟು ಹಿಂದೆಯೇ ಕಾರ್ಮಿಕರ ಆರೋಗ್ಯ ವಿಮೆಯ ಕಾನೂನು ಬಂತು. ಸಮಾಜವಾದಿಗಳಿಗೆ ಹೆದರಿಯೇ ಬಿಸ್ಮಾರ್ಕ್ ಅದನ್ನು ತಂದನೆನ್ನುವುದುಂಟು. ಹೆದರಿ ಮಾಡಿದರೂ ಒಳ್ಳೆಯದನ್ನೇ ಮಾಡಿದ. ಇಂದು ಮೂವತ್ತು ತುಂಬದ ವಿದ್ಯಾರ್ಥಿ ಅದೇ ಸಾರ್ವಜನಿಕ ನಿಧಿಗೆ ಕಡಿಮೆ ದರದಲ್ಲಿ ಸೇರಬಹುದು. ಇಲ್ಲೊಂದು ಎಚ್ಚರ ಬೇಕು. ಖಾಸಗಿ ವಿಮೆ ಅಗ್ಗವೆಂದು ಯಾರಾದರೂ ಹೇಳಿದ ಮಾತು ಕೇಳಿ, ಸಾರ್ವಜನಿಕ ವಿಮೆ ಬೇಡವೆಂದು ಒಮ್ಮೆ ಬಿಡುಗಡೆ ಪತ್ರ ಪಡೆದರೆ, ಆ ಓದು ಮುಗಿಯುವ ತನಕ ವಿದ್ಯಾರ್ಥಿಯಾಗಿ ಮತ್ತೆ ಆ ನಿಧಿಗೆ ಸೇರಲಾಗದು.

ಆದ್ದರಿಂದ ಬ್ಯಾಂಕಿನಲ್ಲಿ ಸಾಲದ ಅಂದಾಜು ಬರೆಸುವಾಗ ವಿಮೆಯ ದುಡ್ಡನ್ನೂ ಕೇಳಿ ಬರೆಸಿರಿ. ಪಾಲಿಸಿಯಲ್ಲಿ ಹಳೆಯ ಕಾಯಿಲೆಗೆ ಕೊಡುತ್ತಾರೆಯೇ, ಹೆರಿಗೆಗೆ, ಮನಸ್ಸಿನ ಕಾಯಿಲೆಗೆ ಕೊಡುತ್ತಾರೆಯೇ ನೋಡಿರಿ. ಪ್ರವಾಸಿಗರಿಗೆಂದು ಮಾಡಿದ ಎಷ್ಟೋ ಪಾಲಿಸಿಗಳು ತುರ್ತು ಚಿಕಿತ್ಸೆಗೆ ಮಾತ್ರ. ಇಂಗ್ಲೆಂಡಿಗೆ ಹೋಗುವವರು ತಲುಪಿದ ವಾರವೇ ಹತ್ತಿರದ ವೈದ್ಯರಲ್ಲಿ ಹೆಸರು ಬರೆಸಲಿ. ಜ್ವರ ಬಂದ ಮೇಲೆ ಹುಡುಕುವುದು ಬೇಡ. ಪಾಲಿಸಿಯ ಕಾಗದ ಇಂಗ್ಲಿಷಿನಲ್ಲಿದೆ, ಸಣ್ಣಕ್ಷರದಲ್ಲಿದೆ ಎಂದು ಸಂಕೋಚ ಬೇಡ. ಸಭೆ ಮುಗಿದ ಮೇಲೆ ನಾವು ಇಲ್ಲೇ ಇರುತ್ತೇವೆ. ಇದ್ದವರು ತನ್ನಿ, ಕೂತು ಓದೋಣ.