ಹಂದಿಜ್ವರದ ಪಾಠಾಂತರಗಳು



ಕನ್ನಡ ಪಂಡಿತನೊಬ್ಬನು ಹಂದಿಯ ರೋಗವನ್ನು ಕುರಿತು ಉಪನ್ಯಾಸ ಮಾಡುವುದು ಕೆಲವರಿಗೆ ಅನುಚಿತವೆಂದು ತೋರಬಹುದು. ಆದರೆ 2022ರ ಜುಲೈ ತಿಂಗಳಿನಲ್ಲಿ ನಮ್ಮ ವಯನಾಡಿನ ಮಾನಂದವಾಡಿಯ ಕಡೆ ಆಫ್ರಿಕದ ಹಂದಿಜ್ವರವು ಕಾಣಿಸಿಕೊಂಡು, ರೋಗಲಕ್ಷಣವಿಲ್ಲದ ಹಂದಿಗಳನ್ನೂ ಕೊಂದು ಹೂಳಬೇಕಾಗಿ ಬಂದುದನ್ನು ಬಲ್ಲವರು ಹಾಗೆನ್ನಲಾರರು. ಸಾಲ ಮಾಡಿ ಹಂದಿ ಸಾಕಿದವನಿಗೆ ಆ ಹೊಂಡದಲ್ಲಿ ಹೋದುದು ಮಕ್ಕಳ ಅನ್ನವೇ.

ಕೀನ್ಯಾ ದೇಶದಲ್ಲಿ ಕಂಡ ಈ ಜ್ವರವನ್ನು ಮಾಂಟ್ಗೊಮರಿ ಎಂಬ ಪಶುವೈದ್ಯನು 1921ರಲ್ಲಿ ಮೊದಲು ವರ್ಣಿಸಿದನು. ಆ ಖಂಡದ ಒಂದು ಜಾತಿಯ ಕಾಡುಹಂದಿಯಲ್ಲಿಯೂ ಅದರ ಬಿಲದ ಉಣ್ಣಿಗಳಲ್ಲಿಯೂ ಈ ವೈರಸ್ಸು ತೆಪ್ಪಗಿರುತ್ತದೆ. ಸಾಕುಹಂದಿಗೆ ತಗಲಿದರೆ ಬಹುಮಟ್ಟಿಗೆ ಮರಣವೇ. ಮನುಷ್ಯರಿಗೆ ಇದು ಅಂಟುವುದಿಲ್ಲ.

ಹಳೆಯ ಓಲೆಗರಿಗಳನ್ನು ಪರಿಶೋಧಿಸುವಾಗ ನಾವು ಲಿಪಿಕಾರರ ತಪ್ಪುಗಳನ್ನೇ ಮುಖ್ಯವಾಗಿ ಗಮನಿಸುತ್ತೇವೆ. ಒಂದೇ ವಿಚಿತ್ರ ಸ್ಖಾಲಿತ್ಯವು ಎರಡು ಪ್ರತಿಗಳಲ್ಲಿದ್ದರೆ ಅವು ಒಂದೇ ಮಾತೃಕೆಯಿಂದ ಇಳಿದವೆಂದು ತರ್ಕಿಸುತ್ತೇವೆ. ವಿಜ್ಞಾನಿಗಳು ಮಾಡುವುದೂ ಇದನ್ನೇ. ಈ ವೈರಸ್ಸಿನ ವಂಶವಾಹಿ ಗ್ರಂಥವು ಸುಮಾರು 1,70,000ದಿಂದ 1,90,000 ಅಕ್ಷರಜೋಡಿಗಳಷ್ಟು ದೀರ್ಘವಾದುದು. ಇನ್‌ಫ್ಲುಯೆಂಜಾದ ಲಿಪಿಕಾರನಷ್ಟು ಇದರ ಲಿಪಿಕಾರನು ಅಜಾಗರೂಕನಲ್ಲ. ಆದರೂ ತಪ್ಪುಗಳು ಕೂಡುತ್ತ ಬಂದಿವೆ. ಕವಚದ ಒಂದು ಪ್ರೋಟೀನಿನ ಜೀನನ್ನು ಹೋಲಿಸಿ 24 ಬಗೆಗಳನ್ನು ಎಣಿಸಿದ್ದುಂಟು. ಅವೆಲ್ಲವೂ ಆಫ್ರಿಕದವೇ. ಹೊರಗೆ ದೂರ ಹೋದುವು ಎರಡೇ: ಮೊದಲನೆಯದು 1957ರಲ್ಲಿ ಪೋರ್ಚುಗಲಿಗೆ, ಎರಡನೆಯದು 2007ರಲ್ಲಿ ಜಾರ್ಜಿಯಕ್ಕೆ, ಹಡಗಿನ ಎಂಜಲಿನ ಮೂಲಕವೆಂದು ಊಹೆ. ಈ ಎರಡನೆಯದೇ 2018ರಲ್ಲಿ ಚೀನವನ್ನು, 2020ರಲ್ಲಿ ಅಸ್ಸಾಮು ಅರುಣಾಚಲಗಳನ್ನು ಹೊಕ್ಕಿತು. ಉಣ್ಣಿಯು ಇಷ್ಟು ದೂರ ನಡೆಯಲಾರದು. ಮಾಂಸವನ್ನೂ ಹಂದಿಯನ್ನೂ ಸಾಗಿಸಿದ ಮನುಷ್ಯನೇ ಇದರ ವಾಹನ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಳವಳಗೊಳಿಸಿತು. ಎರಡು ಪ್ರತಿಗಳನ್ನು ಮುಂದಿಟ್ಟುಕೊಂಡು ಬೆರಸಿ ಬರೆದ ಮಿಶ್ರಪಾಠಗಳು ಸಂಪಾದಕನನ್ನು ಎಷ್ಟು ಕಾಡುತ್ತವೆಂಬುದನ್ನು ಬಲ್ಲೆ. ಮೊದಲನೆಯ ಎರಡನೆಯ ಬಗೆಗಳು ಬೆರೆತ ಅಂಥದೇ ಸಂಕರ ವೈರಸ್ಸು ಚೀನದ ಹಂದಿಗಳಲ್ಲಿ ಸಿಕ್ಕಿತೆಂದು 2023ರಲ್ಲಿ ಪ್ರಕಟವಾಯಿತು; ಮುಂದೆ ವಿಯೆಟ್ನಾಮಿನಲ್ಲಿಯೂ ಕಂಡಿತು. ಎರಡನೆಯ ಬಗೆಗಾಗಿ ಸಿದ್ಧಗೊಳಿಸಿದ್ದ ಒಂದು ಲಸಿಕೆಯು ಪರೀಕ್ಷೆಯಲ್ಲಿ ಅದನ್ನು ತಡೆಯಲಾರದೆ ಹೋಯಿತು.

ಆದಕಾರಣ ಹಂದಿ ಸತ್ತರೆ ರಾತ್ರೋರಾತ್ರಿ ಹೂತುಬಿಡಬೇಡಿರಿ, ಪಶುವೈದ್ಯರನ್ನು ಕರೆಯಿಸಿರಿ. ಅವರು ಒಯ್ಯುವ ರಕ್ತವೇ ನಮ್ಮ ಊರಿನ ಪ್ರತಿ. ಅದನ್ನು ಓದದೆ ಬಂದುದು ಯಾವ ಪಾಠವೆಂದು ಭೋಪಾಲದ ಪ್ರಯೋಗಾಲಯದವರೂ ಹೇಳಲಾರರು. ಹೋಟೆಲಿನ ಎಂಜಲನ್ನು ಕುದಿಸದೆ ಹಾಕುವ ರೂಢಿಯನ್ನಂತೂ ಈ ಹೊತ್ತೇ ಬಿಡಿರಿ.